ಬಸುರಿಯರ ತಟ್ಟೆಯಲ್ಲಿ ಏನಿತ್ತು? ಲೂಸಿ ವಿಲ್ಸ್ ಹುಡುಕಿದ ಉತ್ತರ

ಮನೆಯಲ್ಲಿ ಯಾರಾದರೂ ಗರ್ಭಿಣಿಯಾದರೆ ಆಶಾ ಕಾರ್ಯಕರ್ತೆಯೋ ಆಸ್ಪತ್ರೆಯವರೋ ಮೊದಲು ಕೊಡುವ ವಸ್ತುಗಳಲ್ಲಿ ತಾಯಿ ಕಾರ್ಡ್ ಒಂದು, ಮಾತ್ರೆಯ ಪಟ್ಟಿ ಇನ್ನೊಂದು. ಆ ಮಾತ್ರೆಯನ್ನು ನಾವೆಲ್ಲ ಕಬ್ಬಿಣದ ಮಾತ್ರೆ, ರಕ್ತದ ಮಾತ್ರೆ ಎನ್ನುತ್ತೇವೆ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿದರೆ ಅದರಲ್ಲಿ ಎರಡು ವಸ್ತುಗಳಿರುವುದು ಗೊತ್ತಾಗುತ್ತದೆ. ಒಂದು ಕಬ್ಬಿಣ, ಇನ್ನೊಂದು ಫೋಲಿಕ್ ಆಮ್ಲ. ಕಬ್ಬಿಣದ ಬಗ್ಗೆ ಎಲ್ಲರಿಗೂ ಒಂದಿಷ್ಟು ಗೊತ್ತು. ಈ ಫೋಲಿಕ್ ಆಮ್ಲ ಎಲ್ಲಿಂದ ಬಂತು? ಬಸುರಿಯರಿಗೆ ಅದು ಬೇಕೆಂದು ಮೊದಲು ಕಂಡುಕೊಂಡವರು ಯಾರು?

ಆ ಕಥೆ ನಡೆದದ್ದು ಹೆಚ್ಚಾಗಿ ನಮ್ಮ ದೇಶದಲ್ಲೇ, ಸುಮಾರು ತೊಂಬತ್ತೈದು ವರ್ಷಗಳ ಹಿಂದಿನ ಮುಂಬಯಿಯಲ್ಲಿ. ಕಥೆಯ ನಾಯಕಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ. ಅವರ ಹೆಸರು ಕೇಳಿದರೆ ಅನೇಕರಿಗೆ ಮಾರ್ಮೈಟ್ ಎಂಬ ಯೀಸ್ಟ್ ಸಾರ ನೆನಪಾಗುತ್ತದೆ. ಆದರೆ ಆ ಸೀಸೆಯವರೆಗೆ ಅವರು ಬಂದ ದಾರಿಯಲ್ಲಿ ಬೇರೆಯದೇ ಒಂದು ಕೆಲಸವಿತ್ತು. ಹೆಂಗಸರು ಏನು ಉಣ್ಣುತ್ತಾರೆ, ಹೇಗೆ ಬದುಕುತ್ತಾರೆ ಎಂದು ವಿಚಾರಿಸಿ ಬರೆದುಕೊಳ್ಳುವ ಕೆಲಸ ಅದು. ಮನೆಮನೆ ಸಮೀಕ್ಷೆ ಎಂದರೆ ಮೂಗು ಮುರಿಯುವವರು ಈ ಕಥೆಯನ್ನು ಒಮ್ಮೆ ಓದಬೇಕು ಎಂಬುದು ನಮ್ಮ ಆಸೆ.

ಗಿಡಗಳನ್ನು ಓದಿದ ಹುಡುಗಿ

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಮನೆಯವರದು ಕುಡುಗೋಲು ಮುಂತಾದ ಹರಿತವಾದ ಸಲಕರಣೆಗಳನ್ನು ತಯಾರಿಸುವ ಕಾರ್ಖಾನೆ. ತಂದೆ ವಿಜ್ಞಾನ ಓದಿದವರು, ತಾಯಿ ವೈದ್ಯರೊಬ್ಬರ ಮಗಳು. ಮನೆಯಲ್ಲಿ ವಿಜ್ಞಾನದ ಮಾತಿಗೆ ಕೊರತೆ ಇರಲಿಲ್ಲ.

1903ರಲ್ಲಿ ಅವರು ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜು ಎಂಬ ಶಾಲೆಗೆ ಸೇರಿದರು. ಹುಡುಗಿಯರಿಗೂ ಗಣಿತ, ವಿಜ್ಞಾನ ಕಲಿಸಬೇಕೆಂದು ಹೊರಟ ಮೊದಲ ಕೆಲವು ಬ್ರಿಟಿಷ್ ವಸತಿ ಶಾಲೆಗಳಲ್ಲಿ ಅದೂ ಒಂದು. ಅಲ್ಲಿಂದ 1907ರಲ್ಲಿ ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿಗೆ ಹೋಗಿ ಸಸ್ಯವಿಜ್ಞಾನ ಮತ್ತು ಭೂವಿಜ್ಞಾನ ಓದಿದರು. 1911ರಲ್ಲಿ ಪರೀಕ್ಷೆ ಮುಗಿಸಿದರೂ ಪದವಿ ಸಿಗಲಿಲ್ಲ. ಹೆಂಗಸರು ಪರೀಕ್ಷೆ ಬರೆಯಬಹುದು, ಆದರೆ ಪದವಿ ಪಡೆಯುವಂತಿಲ್ಲ ಎಂಬುದು ಆಗಿನ ಕೇಂಬ್ರಿಜ್‌ನ ನಿಯಮ. ಆ ನಿಯಮ ಪೂರ್ತಿ ಬದಲಾಗಲು 1948ರವರೆಗೆ ಕಾಯಬೇಕಾಯಿತು.

ಅದೇ 1911ರಲ್ಲಿ ತಂದೆ ತೀರಿಕೊಂಡರು. 1913ರಲ್ಲಿ ಅಕ್ಕ ಎಡಿತ್ ಕೂಡ ಹೋದರು, ಆಗ ಅವರಿಗೆ ಬರೀ 26 ವರ್ಷ. ಲೂಸಿ ಆ ವರ್ಷ ತಾಯಿಯ ಜೊತೆ ಸಿಲೋನ್‌ಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಹೋಗಿಬಂದರು. 1914ರಲ್ಲಿ ತಮ್ಮ ಗೋರ್ಡನ್ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿರುವಾಗಲೇ ಮೊದಲನೆಯ ಮಹಾಯುದ್ಧ ಶುರುವಾಯಿತು. ತಮ್ಮ ಅಲ್ಲೇ ಸೈನ್ಯ ಸೇರಿದ. ಲೂಸಿ ಕೆಲವು ವಾರ ಕೇಪ್‌ಟೌನ್‌ನಲ್ಲಿ ಸ್ವಯಂಸೇವಕ ದಾದಿಯಾಗಿ ಕೆಲಸ ಮಾಡಿ ಊರಿಗೆ ಮರಳಿದರು. ಬಂದವರೇ 1915ರ ಜನವರಿಯಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿದರು. ಆಗ ಅವರ ವಯಸ್ಸು 26.

ಆ ಶಾಲೆಗೂ ಭಾರತಕ್ಕೂ ಹಳೆಯ ನಂಟು. ಬಾಲ್ಯವಿವಾಹದ ಮೊಕದ್ದಮೆಯಿಂದ ಹೆಸರಾದ ಡಾ. ರುಖ್ಮಾಬಾಯಿ ಓದಿದ್ದು ಅಲ್ಲೇ. ಲೂಸಿ ಓದುತ್ತಿದ್ದ ದಿನಗಳಲ್ಲಿ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಜೆರೂಶಾ ಝಿರಾದ್ ಕೂಡ ಅಲ್ಲಿದ್ದರು. ಝಿರಾದ್ 1919ರಲ್ಲಿ ಪ್ರಸೂತಿ ಶಾಸ್ತ್ರದಲ್ಲಿ ಎಂ.ಡಿ. ಪಡೆದು, ಮುಂದೆ ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. ಬಾಣಂತಿಯರ ಸಾವಿನ ಕಾರಣಗಳನ್ನು ಹುಡುಕುವ ಕೆಲಸವನ್ನು ಅವರೂ ಮುಂಬಯಿಯಲ್ಲಿ ಮಾಡಿದರು.

1920ರಲ್ಲಿ ಲೂಸಿ ವೈದ್ಯೆಯಾದರು, 32ನೆಯ ವಯಸ್ಸಿನಲ್ಲಿ. ರೋಗಿಗಳನ್ನು ನೋಡುವ ವೃತ್ತಿಗೆ ಇಳಿಯದೆ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನೆ, ಪಾಠ ಎಂದು ನಿಂತರು.

ಮುಂಬಯಿಯ ಕರೆ

ಭಾರತದ ಮಹಿಳಾ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಮಾರ್ಗರೆಟ್ ಬಾಲ್ಫರ್ ಬಾಣಂತಿಯರ ಸಾವಿನ ಬಗ್ಗೆ ದೊಡ್ಡ ವಿಚಾರಣೆಯೊಂದನ್ನು ಹಮ್ಮಿಕೊಂಡಿದ್ದರು. ಹಣ ಕೊಟ್ಟದ್ದು ಭಾರತೀಯ ಸಂಶೋಧನಾ ನಿಧಿ ಸಂಘ. ಇಂದು ನಾವು ಐಸಿಎಂಆರ್ ಎಂದು ಕರೆಯುವ ಸಂಸ್ಥೆಯ ಹಳೆಯ ರೂಪ ಅದು. ಬಾಲ್ಫರ್ ಅವರ ಕರೆಗೆ ಓಗೊಟ್ಟು 1928ರಲ್ಲಿ ಲೂಸಿ ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಬಂದರು. ಪ್ಲೇಗ್ ಲಸಿಕೆಯಿಂದ ಹೆಸರು ಮಾಡಿದ ಸಂಸ್ಥೆ ಅದು.

ಬಿಡಿಸಬೇಕಾಗಿದ್ದ ಒಗಟು ಹೀಗಿತ್ತು. ಗರ್ಭಿಣಿಯರಲ್ಲಿ ಒಂದು ಬಗೆಯ ತೀವ್ರ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ಬಸಿರು ಬೆಳೆದಂತೆ ಮುಖ ಬಿಳಿಚಿಕೊಳ್ಳುತ್ತಿತ್ತು, ಕಾಲು ಊದಿಕೊಳ್ಳುತ್ತಿತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೆರಿಗೆಯ ಹೊತ್ತಿಗೆ ಅನೇಕರು ಸಾಯುತ್ತಿದ್ದರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಲ್ಲಿ ಇದು ಹೆಚ್ಚಾಗಿತ್ತು. ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ಮಾತ್ರ ದೊಡ್ಡವು.

ಇದು ವಿಚಿತ್ರ. ಕಬ್ಬಿಣ ಸಾಲದೆ ಬರುವ ರಕ್ತಹೀನತೆಯಲ್ಲಿ ಕಣಗಳು ಚಿಕ್ಕದಾಗುತ್ತವೆ. ದೊಡ್ಡ ಕಣಗಳ ರಕ್ತಹೀನತೆ ಎಂದರೆ ಆಗಿನ ವೈದ್ಯರಿಗೆ ನೆನಪಾಗುತ್ತಿದ್ದದ್ದು ಪರ್ನಿಶಿಯಸ್ ಅನೀಮಿಯಾ ಎಂಬ ಮಾರಕ ಕಾಯಿಲೆ. ಅದು ಸಾಮಾನ್ಯವಾಗಿ ಬರುವುದು ವಯಸ್ಸಾದವರಿಗೆ. ಅವರ ಜಠರದಲ್ಲಿ ಆಮ್ಲ ಇರುವುದಿಲ್ಲ, ನರಗಳೂ ಹಾಳಾಗುತ್ತವೆ. ಮುಂಬಯಿಯ ಈ ರೋಗಿಗಳು ಹರೆಯದ ಹೆಂಗಸರು. ಸಾಮಾನ್ಯವಾಗಿ ಅವರ ಜಠರದ ಆಮ್ಲಕ್ಕೂ ತೊಂದರೆಯಿರಲಿಲ್ಲ, ನರಗಳಿಗೂ ಇರಲಿಲ್ಲ. ಹಾಗಾದರೆ ಇದು ಯಾವ ಕಾಯಿಲೆ? ಹೊಟ್ಟೆಯಲ್ಲಿ ಸೇರಿಕೊಂಡ ರೋಗಾಣುವಿನ ಕೆಲಸವೇ? ಬಸಿರಿನಿಂದಲೇ ಹುಟ್ಟುವ ವಿಷವೇ? ಬಿಸಿಲ ನಾಡಿನ ಹವೆಯೇ? ಒಬ್ಬೊಬ್ಬರದು ಒಂದೊಂದು ಊಹೆ.

ಆಸ್ಪತ್ರೆಗೆ ಬಾರದವರ ಲೆಕ್ಕ

ಲೂಸಿ ರಕ್ತ ಪರೀಕ್ಷೆಯ ಜೊತೆಗೆ ಇನ್ನೊಂದು ದಾರಿಯನ್ನೂ ಹಿಡಿದರು. ತಳಪದೆ ಎಂಬ ಸಹೋದ್ಯೋಗಿಯ ಜೊತೆ ಸೇರಿ ಮುಂಬಯಿಯ ಹೆಂಗಸರ ಆಹಾರ ಮತ್ತು ನೈರ್ಮಲ್ಯದ ಸ್ಥಿತಿಗತಿಯ ಸಮೀಕ್ಷೆ ನಡೆಸಿದರು. ಅದರ ವರದಿ 1930ರಲ್ಲಿ ಭಾರತದ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು.

ಸಮೀಕ್ಷೆ ಏಕೆ ಬೇಕು, ಆಸ್ಪತ್ರೆಯ ದಾಖಲೆ ಸಾಲದೇ ಎಂದು ಕೇಳಬಹುದು. ಸಾಲದು. ಆಸ್ಪತ್ರೆಯಲ್ಲಿ ಕಾಣುವುದು ಆಸ್ಪತ್ರೆಗೆ ಬಂದವರು ಮಾತ್ರ. ದೂರದಿಂದ ಬರಲಾಗದವರು, ಕೂಲಿ ಬಿಟ್ಟು ಬರಲಾಗದವರು, ಮನೆಯವರು ಕಳಿಸದವರು ಆ ದಾಖಲೆಯಲ್ಲಿ ಇರುವುದಿಲ್ಲ. ಆರೋಗ್ಯವಾಗಿ ಇರುವವರೂ ಇರುವುದಿಲ್ಲ. ಕಾಯಿಲೆ ಬಂದವರು ಏನು ಉಣ್ಣುತ್ತಿದ್ದರು ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಕಾಯಿಲೆ ಬಾರದವರು ಏನು ಉಣ್ಣುತ್ತಿದ್ದರು ಎಂದು ತಿಳಿದ ಮೇಲಷ್ಟೇ ಹೋಲಿಕೆ ಸಾಧ್ಯ.

ಲೂಸಿ ಮಾಡಿದ್ದು ಅಂಥ ಹೋಲಿಕೆ. ಬೇರೆ ಬೇರೆ ವರ್ಗದ, ಬೇರೆ ಬೇರೆ ಸಮುದಾಯದ ಹೆಂಗಸರ ಊಟವನ್ನು ಅವರವರ ರಕ್ತಹೀನತೆಯ ಪ್ರಮಾಣದ ಪಕ್ಕದಲ್ಲಿ ಇಟ್ಟು ನೋಡಿದರು. ಊಟ ಎಲ್ಲಿ ಬಡವಾಗಿತ್ತೋ ಅಲ್ಲಿ ಕಾಯಿಲೆ ಹೆಚ್ಚಿತ್ತು. ಎರಡೂ ಪಟ್ಟಿಗಳಲ್ಲಿ ಎಲ್ಲರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದವರು ಬಡ ಮುಸ್ಲಿಂ ಕುಟುಂಬಗಳ ಹೆಂಗಸರು. ಹವೆ ಎಲ್ಲರಿಗೂ ಒಂದೇ, ಬಸಿರು ಎಲ್ಲರಿಗೂ ಒಂದೇ. ತಟ್ಟೆ ಮಾತ್ರ ಬೇರೆ ಬೇರೆ. ಇಷ್ಟು ತಿಳಿದದ್ದೇ ಹುಡುಕಾಟದ ದಿಕ್ಕನ್ನು ತೋರಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಮೀಕ್ಷೆ ಎರಡು ಸಂಗತಿಗಳು ಜೊತೆಜೊತೆಗೆ ಇವೆ ಎಂದು ಹೇಳಬಲ್ಲದು. ಒಂದರಿಂದಲೇ ಇನ್ನೊಂದು ಆಯಿತು ಎಂದು ಅದೊಂದೇ ಸಾಬೀತು ಮಾಡಲಾರದು. ಬಡವರ ತಟ್ಟೆಯಲ್ಲಿ ಸೊಪ್ಪು ಕಡಿಮೆ ಎಂಬುದು ನಿಜ, ಬಡವರ ಕೇರಿಯಲ್ಲಿ ಮಲೇರಿಯಾ, ಕೊಕ್ಕೆಹುಳು ಹೆಚ್ಚು ಎಂಬುದೂ ನಿಜ. ರಕ್ತ ಕಡಿಮೆಯಾಗಲು ಎರಡೂ ಕಾರಣವಾಗಬಹುದು. ಸಮೀಕ್ಷೆಯಿಂದ ಸಿಕ್ಕಿದ್ದು ಸುಳಿವು. ಅದನ್ನು ಒರೆಗೆ ಹಚ್ಚಲು ಪ್ರಯೋಗಾಲಯಕ್ಕೆ ಹೋಗಲೇಬೇಕಿತ್ತು.

ಇಲಿ, ಹೇನು, ಮಂಗ

1929ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಲೂಸಿ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಪೌಷ್ಟಿಕತೆಯ ಸಂಶೋಧನಾಲಯವನ್ನು ಕಟ್ಟಿ ಬೆಳೆಸುತ್ತಿದ್ದರು. ಆ ಸಂಶೋಧನಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಹೆಸರಾಯಿತು.

ಮುಂಬಯಿಯ ಬಡ ಹೆಂಗಸರು ಉಣ್ಣುತ್ತಿದ್ದಂಥ ಊಟವನ್ನೇ ಇಲಿಗಳಿಗೆ ಕೊಟ್ಟು ನೋಡುವುದು ಲೂಸಿಯವರ ಯೋಜನೆ. ಇಲಿಗಳಿಗೆ ರಕ್ತಹೀನತೆ ಬಂತು. ಯೀಸ್ಟ್ ಬೆರೆಸಿದ ಆಹಾರ ಕೊಟ್ಟರೆ ಬರಲಿಲ್ಲ. ಉತ್ತರ ಸಿಕ್ಕೇಬಿಟ್ಟಿತು ಎನ್ನುವಷ್ಟರಲ್ಲಿ ತೊಡಕೊಂದು ಬಂತು. ಇಲಿಗಳ ಮೈಯ ಹೇನಿನಿಂದ ಹರಡುವ ಬಾರ್ಟೊನೆಲ್ಲಾ ಎಂಬ ಸೋಂಕೂ ಅವುಗಳ ರಕ್ತವನ್ನು ಹಾಳು ಮಾಡುತ್ತಿತ್ತು. ಕಾರಣ ಊಟವೋ ಸೋಂಕೋ ಎಂದು ಬಿಡಿಸಿ ಹೇಳಲು ಆಗಲಿಲ್ಲ. ಲೂಸಿ ಆ ಫಲಿತಾಂಶವನ್ನೇ ನೆಚ್ಚಿ ಕೂರದೆ ಮುಂಬಯಿಯಲ್ಲಿ ಮಂಗಗಳ ಮೇಲೆ ಪ್ರಯೋಗ ಮುಂದುವರಿಸಿದರು. ಕಳಪೆ ಊಟ ಕೊಟ್ಟ ಮಂಗಗಳಲ್ಲಿ ಹೆಂಗಸರಲ್ಲಿ ಕಂಡಂಥದೇ ದೊಡ್ಡ ಕಣಗಳ ರಕ್ತಹೀನತೆ ಕಾಣಿಸಿಕೊಂಡಿತು. ತೀರಾ ನಿತ್ರಾಣವಾಗಿದ್ದ ಮಂಗವೊಂದಕ್ಕೆ ಯೀಸ್ಟಿನ ಸಾರವಾದ ಮಾರ್ಮೈಟ್ ತಿನ್ನಿಸಿದಾಗ ಅದು ಚೇತರಿಸಿಕೊಂಡಿತು.

ಮಾರ್ಮೈಟ್ ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡುವ ಕಪ್ಪು ಬಣ್ಣದ, ಉಪ್ಪುಪ್ಪಾದ ಲೇಹ. ಬ್ರಿಟಿಷರು ಅದನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ಅದರ ದೊಡ್ಡ ಗುಣ ಎಂದರೆ ಅಗ್ಗ.

ಅಗ್ಗದ ಔಷಧ ಏಕೆ ಮುಖ್ಯವಾಗಿತ್ತು?

ಆಗ ದೊಡ್ಡ ಕಣಗಳ ರಕ್ತಹೀನತೆಗೆ ಗೊತ್ತಿದ್ದ ಔಷಧ ಒಂದೇ, ಯಕೃತ್ತು. ಪರ್ನಿಶಿಯಸ್ ಅನೀಮಿಯಾ ಇದ್ದವರಿಗೆ ದಿನವೂ ಧಾರಾಳವಾಗಿ ಪ್ರಾಣಿಗಳ ಯಕೃತ್ತು ತಿನ್ನಿಸಿದರೆ ಬದುಕುತ್ತಾರೆ ಎಂದು ಅಮೆರಿಕದ ಮೈನಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದ್ದರು. ಅದಕ್ಕಾಗಿ ಅವರಿಗೆ ವಿಪಲ್ ಅವರೊಡನೆ 1934ರ ನೊಬೆಲ್ ಬಹುಮಾನ ಬಂತು. ಯಕೃತ್ತಿನ ಸಾರದ ಔಷಧ ಆಗ ದುಬಾರಿ. ಗಿರಣಿ ಕೂಲಿಯ ಹೆಂಡತಿಗೆ ಅದನ್ನು ತಿಂಗಳುಗಟ್ಟಲೆ ಕೊಡಿಸುವವರು ಯಾರು? ಮಾಂಸ ಮುಟ್ಟದ ಮನೆಯ ಬಸುರಿಗೆ ಅದನ್ನು ತಿನ್ನಿಸುವುದಾದರೂ ಹೇಗೆ?

ಲೂಸಿ ಮಾರ್ಮೈಟನ್ನು ಆಸ್ಪತ್ರೆಯ ಗರ್ಭಿಣಿಯರಿಗೆ ಕೊಟ್ಟು ನೋಡಿದರು. ರಕ್ತ ಹೊಸದಾಗಿ ಹುಟ್ಟುತ್ತಿದೆಯೇ ಎಂದು ತಿಳಿಯಲು ಎಳೆಯ ಕೆಂಪು ಕಣಗಳನ್ನು ಎಣಿಸುವ ಪದ್ಧತಿ ಇದೆ. ಮಾರ್ಮೈಟ್ ಶುರು ಮಾಡಿದ ಕೆಲವೇ ದಿನಗಳಲ್ಲಿ ಆ ಎಳೆಯ ಕಣಗಳ ಸಂಖ್ಯೆ ಏರಿತು. ಕುಗ್ಗಿದ್ದ ಹೆಂಗಸರು ಎದ್ದು ಕೂತರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಪ್ರಕಟವಾಯಿತು. ಅದೇ ವರ್ಷದ ಆರಂಭದಲ್ಲಿ ಅವರು ಮದರಾಸಿನ ಗೋಷಾ ಆಸ್ಪತ್ರೆಯಲ್ಲೂ ಕೆಲಸ ಮಾಡಿದ್ದರು.

ಇನ್ನೂ ಒಂದು ಸೂಕ್ಷ್ಮ ಸಂಗತಿ ಅವರ ಕಣ್ಣಿಗೆ ಬಿತ್ತು. ಹೆಚ್ಚು ಶುದ್ಧಿ ಮಾಡದ ಯಕೃತ್ತಿನ ಸಾರ ಈ ಗರ್ಭಿಣಿಯರಿಗೆ ಗುಣ ಕೊಡುತ್ತಿತ್ತು. ಪರ್ನಿಶಿಯಸ್ ಅನೀಮಿಯಾಕ್ಕೆಂದು ಚೆನ್ನಾಗಿ ಶುದ್ಧಿ ಮಾಡಿದ ಸಾರ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಅಂದರೆ ಶುದ್ಧಿ ಮಾಡುವಾಗ ಯಾವುದೋ ಒಂದು ವಸ್ತು ಕಳೆದುಹೋಗುತ್ತಿತ್ತು. ಅದೇ ವಸ್ತು ಯೀಸ್ಟಿನಲ್ಲೂ ಇತ್ತು. ಹೀಗೆ ಒಂದಲ್ಲ, ಎರಡು ಬೇರೆ ಬೇರೆ ಪೋಷಕಾಂಶಗಳಿವೆ ಎಂಬುದು ಸ್ಪಷ್ಟವಾಯಿತು. ಹೆಸರಿಲ್ಲದ ಆ ಎರಡನೆಯ ವಸ್ತುವಿಗೆ ವಿಜ್ಞಾನಿಗಳು ವಿಲ್ಸ್ ಫ್ಯಾಕ್ಟರ್ ಎಂದೇ ಹೆಸರಿಟ್ಟರು.

ವಿಲ್ಸ್ ಫ್ಯಾಕ್ಟರ್ ಎಂದರೆ ಏನು?

ಉತ್ತರ ಸಿಗಲು ಇನ್ನೂ ಹತ್ತು ವರ್ಷ ಬೇಕಾಯಿತು. 1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ಎಂಬ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಒಂದಿಷ್ಟೇ ಇಷ್ಟು ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ. ಎಲೆಯಿಂದ ಬಂದದ್ದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ನಾಲ್ಕು ವರ್ಷಗಳ ನಂತರ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಲಾಯಿತು. ಆ ಸಂಶೋಧನಾ ವಿಭಾಗದ ಮುಖ್ಯಸ್ಥರು ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್. ಗರ್ಭಿಣಿಯರ ದೊಡ್ಡ ಕಣಗಳ ರಕ್ತಹೀನತೆಯನ್ನು ಈ ಶುದ್ಧ ವಸ್ತುವೇ ಗುಣಪಡಿಸುತ್ತದೆ ಎಂದೂ ಆಗಲೇ ಗೊತ್ತಾಯಿತು. ಇನ್ನೊಂದು ಪೋಷಕಾಂಶ, ಅಂದರೆ ಪರ್ನಿಶಿಯಸ್ ಅನೀಮಿಯಾಕ್ಕೆ ಮದ್ದಾಗಿದ್ದ ಬಿ12, 1948ರಲ್ಲಿ ಬೇರ್ಪಟ್ಟಿತು.

ಫೋಲಿಕ್ ಆಮ್ಲ ಇಲ್ಲದಿದ್ದರೆ ಕಣಗಳು ದೊಡ್ಡದಾಗುವುದು ಏಕೆ? ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ಅದರ ಡಿಎನ್‌ಎ ಎರಡು ಪ್ರತಿಯಾಗಬೇಕು. ಹೊಸ ಡಿಎನ್‌ಎ ಕಟ್ಟಲು ಫೋಲೇಟ್ ಬೇಕು. ಅದು ಸಾಲದಾದಾಗ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳಾಗಬೇಕಾದ ಕೋಶಗಳು ಮೈ ಬೆಳೆಸಿಕೊಳ್ಳುತ್ತವೆ, ಆದರೆ ಹೊತ್ತಿಗೆ ಸರಿಯಾಗಿ ಒಡೆದು ಎರಡಾಗುವುದಿಲ್ಲ. ಅದರಿಂದ ಕಣಗಳು ದೊಡ್ಡವು, ಸಂಖ್ಯೆ ಕಡಿಮೆ. ಬಸಿರಿನಲ್ಲಿ ಮಗು, ಗರ್ಭಕೋಶ, ಮಾಸು, ತಾಯಿಯ ರಕ್ತ ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ. ಅಷ್ಟಕ್ಕೂ ಫೋಲೇಟ್ ಬೇಕು. ಮೊದಲೇ ಕೊರತೆಯ ಅಂಚಿನಲ್ಲಿದ್ದವರು ಆಗ ಕುಸಿಯುತ್ತಾರೆ.

1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಮೊದಲ ಮಗುವಿಗೆ ಬೆನ್ನುಹುರಿಯ ನಳಿಕೆ ಮುಚ್ಚಿಕೊಳ್ಳದ ದೋಷ ಇದ್ದ ತಾಯಂದಿರಿಗೆ ಫೋಲಿಕ್ ಆಮ್ಲ ಕೊಟ್ಟಾಗ, ಮುಂದಿನ ಮಗುವಿಗೆ ಅದೇ ದೋಷ ಬರುವ ಸಂಭವ ಶೇ. 72ರಷ್ಟು ಕಡಿಮೆಯಾಯಿತು. ಈ ನಳಿಕೆ ಗರ್ಭಧಾರಣೆಯಾದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳಬೇಕು. ಬಸುರಾಗಿರುವುದು ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಆ ಗಡುವು ಮುಗಿದಿರುತ್ತದೆ. ಆದ್ದರಿಂದಲೇ ಮಗು ಬೇಕೆಂದುಕೊಂಡಾಗಿನಿಂದಲೇ ಫೋಲಿಕ್ ಆಮ್ಲ ಶುರು ಮಾಡಿ ಎಂದು ವೈದ್ಯರು ಹೇಳುವುದು.

ಬಾಂಬು ಬಿದ್ದ ಆಸ್ಪತ್ರೆ

ಲೂಸಿ 1933ರಲ್ಲಿ ರಾಯಲ್ ಫ್ರೀ ಆಸ್ಪತ್ರೆಗೆ ಮರಳಿದರು. 1937–38ರಲ್ಲಿ ಮತ್ತೊಮ್ಮೆ ಹಾಫ್‌ಕಿನ್ ಸಂಸ್ಥೆಗೆ ಬಂದು ಕೆಲವು ವಾರ ಕೆಲಸ ಮಾಡಿದರು. ಅವರ ಮೊದಲ ವಿಮಾನಯಾನ ಅದು, ನೀರಿನ ಮೇಲೆ ಇಳಿಯುವ ವಿಮಾನದಲ್ಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಲಂಡನ್ನಿನಲ್ಲಿ ಇನ್ನೊಂದು ಪ್ರಶ್ನೆ ಹಿಡಿದರು. ಪಡಿತರದ ಊಟ ಉಣ್ಣುವ ಬಸುರಿಯರಿಗೆಲ್ಲ ಕಬ್ಬಿಣದ ಮಾತ್ರೆ ಕೊಟ್ಟರೆ ಪ್ರಯೋಜನವಿದೆಯೇ? ಕೆಲವರಿಗೆ ಕಬ್ಬಿಣದ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ಹೋಲಿಸುವ ಪ್ರಯೋಗ ನಡೆಯುತ್ತಿದ್ದಾಗ, 1944ರ ಜುಲೈನಲ್ಲಿ ಆಸ್ಪತ್ರೆಯ ಮೇಲೆ ಜರ್ಮನಿಯ ಹಾರುಬಾಂಬು ಬಿತ್ತು. ಹಲವರು ಸತ್ತರು, ಕಟ್ಟಡದ ದೊಡ್ಡ ಭಾಗ ಹಾಳಾಯಿತು, ಪ್ರಯೋಗ ನಿಂತಿತು. ಸಿಕ್ಕಷ್ಟು ಫಲಿತಾಂಶವನ್ನು ಅವರು 1947ರಲ್ಲಿ ಪ್ರಕಟಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದ ಅವರು ಆ ಆಸ್ಪತ್ರೆಯ ಮೊದಲ ರಕ್ತಶಾಸ್ತ್ರ ವಿಭಾಗವನ್ನೂ ಕಟ್ಟಿದರು. ಇಂದು ಒಂದೇ ಮಾತ್ರೆಯಲ್ಲಿ ಇರುವ ಕಬ್ಬಿಣ, ಫೋಲಿಕ್ ಆಮ್ಲ ಎರಡರ ಕೆಲಸದಲ್ಲೂ ಅವರ ಕೈ ಇತ್ತು ಎಂದಾಯಿತು.

1947ರಲ್ಲಿ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಾ ಸುತ್ತಿ ಜನರ ಊಟ, ರಕ್ತಹೀನತೆಯನ್ನು ಗಮನಿಸಿದರು. ಲಂಡನ್ನಿನ ಚೆಲ್ಸಿಯಲ್ಲಿ ಹತ್ತು ವರ್ಷ ಲೇಬರ್ ಪಕ್ಷದ ಸ್ಥಳೀಯ ಸದಸ್ಯೆಯಾಗಿದ್ದರು. ಮದುವೆಯಾಗಲಿಲ್ಲ. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಬೆಟ್ಟ ಹತ್ತುವುದು ಇಷ್ಟ. 1964ರ ಏಪ್ರಿಲ್ 16ರಂದು ತೀರಿಕೊಂಡರು. 2019ರಲ್ಲಿ ಅವರ ಹುಟ್ಟಿದ ದಿನ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗಲೇ ನಮ್ಮಲ್ಲಿ ಅನೇಕರು ಆ ಹೆಸರನ್ನು ಮೊದಲ ಸಲ ಕೇಳಿದ್ದು.

ಇಂದಿನ ಸಮೀಕ್ಷೆಗಳು ಏನು ಹೇಳುತ್ತಿವೆ?

ಲೂಸಿ ಮತ್ತು ತಳಪದೆ ಒಂದು ಊರಿನಲ್ಲಿ ಮಾಡಿದ್ದನ್ನು ಈಗ ಇಡೀ ದೇಶದಲ್ಲಿ ಮಾಡಲಾಗುತ್ತದೆ. 1972ರಲ್ಲಿ ಐಸಿಎಂಆರ್ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೋ ಸ್ಥಾಪಿಸಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಅದು ಮನೆಗಳಿಗೆ ಹೋಗಿ ಊಟದ ಲೆಕ್ಕ ತೆಗೆಯಿತು. 1992–93ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಶುರುವಾಯಿತು.

ಇಂಥ ಸಮೀಕ್ಷೆಯಲ್ಲಿ ಪ್ರಶ್ನೆ ಕೇಳುವ ರೀತಿಯೇ ಅರ್ಧ ಕೆಲಸ. ಮನೆಗೆ ತಿಂಗಳಿಗೆ ಎಷ್ಟು ಬೇಳೆ ತರುತ್ತೀರಿ ಎಂದು ಯಜಮಾನನನ್ನು ಕೇಳಿದರೆ ಮನೆಯ ಲೆಕ್ಕ ಸಿಗುತ್ತದೆ, ಬಸುರಿಯ ಲೆಕ್ಕ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಲ್ಲರದೂ ಆದ ಮೇಲೆ ಸೊಸೆ ಉಣ್ಣುತ್ತಾಳೆ. ಆ ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ, ಉಳಿದಿರುವುದು ಅನ್ನ, ತಿಳಿಸಾರು. ಆದ್ದರಿಂದ ಅವಳನ್ನೇ ಕೂರಿಸಿಕೊಂಡು, ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು, ಯಾವ ಬಟ್ಟಲಿನಲ್ಲಿ, ಎಷ್ಟು ತಿಂದಿರಿ ಎಂದು ಕೇಳಬೇಕು. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಉತ್ತರ ಬದಲಾಗುತ್ತದೆ ಎಂಬುದೂ ಸಮೀಕ್ಷೆಗೆ ಹೋಗುವವರಿಗೆ ಗೊತ್ತು.

2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು, ಗರ್ಭಿಣಿಯರಲ್ಲಿ ಶೇ. 52ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆ ಇನ್ನೊಂದನ್ನೂ ಕೇಳಿತು. ಬಸಿರಿನಲ್ಲಿ ಕಬ್ಬಿಣ–ಫೋಲಿಕ್ ಆಮ್ಲದ ಮಾತ್ರೆಯನ್ನು ಎಷ್ಟು ದಿನ ನುಂಗಿದಿರಿ? ನೂರು ದಿನ ನುಂಗಿದವರು ಶೇ. 44. ಸರ್ಕಾರ ಹೇಳುವ 180 ದಿನ ನುಂಗಿದವರು ಶೇ. 26 ಮಾತ್ರ. ಗೋದಾಮಿನ ದಾಖಲೆ ನೋಡಿದರೆ ಮಾತ್ರೆ ಹಂಚಿದ್ದು ಕಾಣುತ್ತದೆ. ಅದು ಹೊಟ್ಟೆಗೆ ಹೋಯಿತೋ ಇಲ್ಲವೋ ಎಂಬುದು ಮನೆಯಲ್ಲಿ ಕೇಳಿದರಷ್ಟೇ ತಿಳಿಯುವುದು. ಕರ್ನಾಟಕದಲ್ಲಿ 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಲು ಹೊರಟಿದ್ದರ ಹಿಂದಿನ ತರ್ಕವೂ ಇಂಥದ್ದೇ. ಮನೆಗೆ ಕೊಟ್ಟ ರೇಷನ್ ಮನೆಯವರಿಗೆಲ್ಲ ಹಂಚಿಹೋಗುತ್ತದೆ, ಎದುರಿಗೆ ಬಡಿಸಿದ ಊಟ ಬಸುರಿಯ ಹೊಟ್ಟೆ ಸೇರುತ್ತದೆ.

ನಂಬಿಕೆಗಳು, ನಿಜಗಳು

ಮಾತ್ರೆ ನುಂಗದಿರಲು ಜನ ಹೇಳುವ ಕಾರಣಗಳನ್ನು ನಾವೆಲ್ಲ ಕೇಳಿದ್ದೇವೆ.

ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು. ಮೈಬಣ್ಣ ತಂದೆತಾಯಿಯಿಂದ ಬರುವ ಜೀನ್‌ಗಳ ವಿಷಯ. ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರ, ಅದು ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ. ಅದಕ್ಕೆ ಹೆದರಬೇಕಿಲ್ಲ.

ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಊಟ ಕಡಿಮೆ ಮಾಡಿಸುವುದು ಅಪಾಯಕಾರಿ. ತೂಕ ಕಡಿಮೆಯ ಮಗು, ರಕ್ತ ಕಡಿಮೆಯ ತಾಯಿ ಇಬ್ಬರಿಗೂ ಹೆರಿಗೆ ಹೆಚ್ಚು ಕಷ್ಟ.

ಕೆಂಪಗಿರುವುದೆಲ್ಲ ರಕ್ತ ಮಾಡುತ್ತದೆ, ಬೀಟ್‌ರೂಟ್ ತಿಂದರೆ ಸಾಕು ಎಂಬುದು ಪೂರ್ತಿ ನಿಜವಲ್ಲ. ಬೀಟ್‌ರೂಟಿನಲ್ಲಿ ಫೋಲೇಟ್ ಇದೆ, ಆದರೆ ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಹಸಿರು ಸೊಪ್ಪು, ಹೆಸರುಕಾಳು, ಕಡಲೆ, ಅಲಸಂದೆ, ಕಡಲೆಕಾಯಿ ಇವೆಲ್ಲ ಫೋಲೇಟಿನ ಒಳ್ಳೆಯ ಮೂಲಗಳು.

ಫೋಲೇಟ್ ನೀರಿನಲ್ಲಿ ಕರಗುತ್ತದೆ, ಕಾವಿಗೆ ಸ್ವಲ್ಪ ಹಾಳಾಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದರ ಜೊತೆ ಫೋಲೇಟೂ ಹೋಗುತ್ತದೆ. ನಮ್ಮ ಹಳೆಯ ಮೈಸೂರು ಕಡೆಯ ಬಸ್ಸಾರು ಇಲ್ಲಿ ಜಾಣ ಅಡುಗೆ. ಸೊಪ್ಪು, ಕಾಳು ಬೆಂದ ನೀರನ್ನು ಬಸಿದು ಅದರಲ್ಲೇ ಸಾರು ಮಾಡುತ್ತೇವೆ, ಸೊಪ್ಪುಕಾಳು ಪಲ್ಯವಾಗುತ್ತದೆ. ಬಸುರಿಗೆ ಸಾರು, ಪಲ್ಯ ಎರಡೂ ಸಿಗಬೇಕು ಅಷ್ಟೇ. ಆದರೂ ಬಸಿರಿನ ಅಗತ್ಯಕ್ಕೆ ಊಟವೊಂದನ್ನೇ ನೆಚ್ಚದೆ ಮಾತ್ರೆಯನ್ನೂ ತಪ್ಪದೆ ನುಂಗಬೇಕು. ಬಿ12 ಕೊರತೆ ಇದ್ದರೆ ಬರೀ ಫೋಲಿಕ್ ಆಮ್ಲದಿಂದ ರಕ್ತ ಸರಿಹೋದಂತೆ ಕಂಡು ನರಗಳ ತೊಂದರೆ ಒಳಗೇ ಬೆಳೆಯಬಹುದು. ಆದ್ದರಿಂದ ಎಷ್ಟು, ಯಾವುದು ಎಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಮುಂದಿನ ಸಲ ಯಾರಾದರೂ ಪುಸ್ತಕವೋ ಟ್ಯಾಬ್ಲೆಟ್ಟೋ ಹಿಡಿದು ಬಾಗಿಲಿಗೆ ಬಂದು ನಿನ್ನೆ ಏನು ಊಟ ಮಾಡಿದಿರಿ ಎಂದು ಕೇಳಿದರೆ, ಹತ್ತು ನಿಮಿಷ ಕೂತು ಉಂಡದ್ದನ್ನು ಉಂಡಂತೆಯೇ ಹೇಳಿ. ಮನೆಯ ಮಾನ ಉಳಿಸಲು ಉಣ್ಣದ ಹಾಲು, ಮೊಟ್ಟೆ, ಸೊಪ್ಪನ್ನು ಪಟ್ಟಿಗೆ ಸೇರಿಸುವುದು ಬೇಡ. ಮುಂಬಯಿಯ ಆ ಹೆಂಗಸರು ತಮ್ಮ ಬಡ ಊಟವನ್ನು ಹೇಳಿಕೊಂಡದ್ದರಿಂದ ಸಿಕ್ಕ ಸುಳಿವೇ ಇಂದು ನಮ್ಮ ಮನೆಯ ಬಸುರಿಯರ ಕೈಯಲ್ಲಿ ಮಾತ್ರೆಯಾಗಿ ಕೂತಿದೆ.